ಇಟಲಿಯ ಚಪ್ಪಲಿ

ಶಾಂಭವಿ ಗಣಿತದ ಟೀಚರ್. ಶಹಾಪುರದ ಹೈಸ್ಕೂಲಿನಲ್ಲಿ ಅಪ್ಪನಿಗೂ ಲೆಕ್ಕ ಕಲಿಸಿ, ಮಗನಿಗೂ ಕಲಿಸಿದವಳು. ಬೋರ್ಡಿನ ಮೇಲೆ ಒಂದೂ ಸುಳ್ಳು ಉತ್ತರ ಬರೆದವಳಲ್ಲ. ಬೋರ್ಡಿನಿಂದ ಆಚೆಗಿನ ಮಾತು ಬೇರೆ. ಅಲ್ಲಿ ಅವಳು ಹರೆಯದಲ್ಲಿ ಹೇಳಿದ ಒಂದು ಸುಳ್ಳು ದಿನದಿನಕ್ಕೆ ಬೆಳೆದು, ಭಾಷಣವಾಗಿ, ಲೇಖನವಾಗಿ, ಕಲಬುರಗಿಯ ವಿಚಾರಸಂಕಿರಣವೊಂದರಲ್ಲಿ ಶಾಲು ಹೊದಿಸಿಕೊಂಡು ಮನೆಗೆ ಬಂದಿತ್ತು.

ನಡೆದದ್ದು ಹೀಗೆ. ಮದುವೆಯಾದ ಹೊಸತರಲ್ಲಿ ಗಂಡ ಚನ್ನಯ್ಯನವರು ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋದರು. ಅವಳು ಚಾರ್‌ಮಿನಾರಿನ ಬಳೆ ಅಂಗಡಿಗಳ ಕನಸು ಕಾಣುತ್ತಿದ್ದರೆ, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಚನ್ನಯ್ಯನವರು ಇಳಿದ ದಿನವೇ ಅವಳನ್ನು ಒಂದು ಫಿಲಂ ಸೊಸೈಟಿಯ ಬಾಗಿಲಿಗೆ ತಂದು ನಿಲ್ಲಿಸಿದರು. ಒಳಗೆ ಇಟಲಿಯ ಹಳೆಯ ಕಪ್ಪುಬಿಳುಪು ಸಿನಿಮಾ. ಹೆಸರು ‘ಗುರುವಾರದ ಗಾಳಿ’. ಜಗತ್ತಿನ ದೊಡ್ಡದೊಡ್ಡವರೆಲ್ಲ ತಲೆಬಾಗಿದ ಚಿತ್ರ ಎಂದು ಚನ್ನಯ್ಯನವರು ಗುಡಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು. ಬಂದ ಪ್ರತಿಯಲ್ಲಿ ಮಾತಿನ ಅರ್ಥ ಹೇಳುವ ಅಕ್ಷರಗಳು ಕೆಳಗೆ ಮೂಡಲೇ ಇಲ್ಲ. ಅಲ್ಲಿ ಕೂತ ಯಾರಿಗೂ ಇಟಲಿಯ ಭಾಷೆ ಬರುತ್ತಿರಲಿಲ್ಲ. ಬರುವವರ ಹಾಗೆ ಎಲ್ಲರೂ ಗದ್ದಕ್ಕೆ ಕೈ ಕೊಟ್ಟು ಕೂತಿದ್ದರು.

ಒಬ್ಬ ಗಂಡ, ಒಬ್ಬ ಹೆಂಡತಿ. ಬಳಗದಲ್ಲಿ ಸತ್ತ ಯಾರದೋ ಮಣ್ಣಿಗೆಂದು ಒಂದು ನಡುಗಡ್ಡೆಗೆ ಬಂದಿದ್ದಾರೆ. ಮಣ್ಣು ಮುಗಿದಿದೆ, ಮರಳಿ ಹೋಗಲು ಹಡಗಿಲ್ಲ. ಗಾಳಿ ಬೀಸುತ್ತದೆ. ಗಂಡ ಸಿಗರೇಟು ಸೇದುತ್ತಾನೆ. ಹೆಂಡತಿ ಮೋಸಂಬಿ ಸುಲಿಯುತ್ತಾಳೆ. ಮತ್ತೆ ಗಾಳಿ. ಚನ್ನಯ್ಯನವರು ಎರಡನೇ ಮೋಸಂಬಿಗೇ ನಿದ್ದೆ ಹೋದರು. ಶಾಂಭವಿ ಒಮ್ಮೆ ಮೊಣಕೈಯಿಂದ ತಿವಿದಳು. ಅವರು ಕಣ್ಣು ತೆರೆಯದೆ, ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸಿದರು. ಕೊನೆಗೆ ಹಡಗು ಬಂತು, ಇಬ್ಬರೂ ಹತ್ತಿದರು, ಸಿನಿಮಾ ಮುಗಿಯಿತು. ಇಷ್ಟಕ್ಕೆ ಯಾಕೆ ಬಳೆ ಅಂಗಡಿ ಬಿಟ್ಟು ಬಂದೆವು ಎಂದು ಶಾಂಭವಿ ಯೋಚಿಸುತ್ತಿದ್ದಳು. ದೀಪ ಹತ್ತಿದ ಕೂಡಲೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಚನ್ನಯ್ಯನವರು.

ಮರಳುವಾಗ ರೈಲು ತಾಂಡೂರು ದಾಟಿತ್ತು. ಅವರು ಪರೀಕ್ಷೆಗೆ ಕೂರಿಸಿದವರ ಗತ್ತಿನಲ್ಲಿ ಕೇಳಿದರು.

“ಶಾಂಭವಿ, ಆ ಕೊನೀ ದೃಶ್ಯ ನಿನಗ ಹೆಂಗನಸ್ತು?”

“ಮೊದಲ ನೀವು ಹೇಳ್ರಿ.”

“ಇಲ್ಲ, ನೀ ಹೇಳು. ಹೊಸಬರ ಕಣ್ಣಿಗೆ ಕಾಣೂದ ಬ್ಯಾರೆ ಇರ್ತದ.”

ಕೇಳುವವರಿಗೆ ಕೊನೆಯೇ ಗೊತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಎದುರು ಸೀಟಿನಲ್ಲಿ ಒಬ್ಬ ಮುದುಕ ತನ್ನ ಹೊಸ ಚಪ್ಪಲಿಗಳನ್ನು ಯಾರೂ ಕದಿಯದ ಹಾಗೆ ತಲೆಯ ಕೆಳಗಿಟ್ಟುಕೊಂಡು ಮಲಗಿದ್ದ. ಅವನನ್ನು ನೋಡುತ್ತಿದ್ದಂತೆ ಅವಳ ನಾಲಿಗೆ ತಾನಾಗಿ ಹೊರಳಿತು.

“ಆಕಿ ಚಪ್ಪಲಿ ದಂಡಿ ಮ್ಯಾಲ ಬಿಟ್ಟು ಒಬ್ಬಾಕಿನ ಹಡಗ ಹತ್ತಿ ಹೋಗಿಬಿಡ್ತಾಳಲ್ರಿ. ಆಮ್ಯಾಲ ಆಂವ ಆ ಚಪ್ಪಲಿ ಎತ್ತಿ ತಲಿ ಮ್ಯಾಲ ಇಟ್ಕೊಂಡು ಸಮುದ್ರದ ಕಡಿ ನೋಡ್ಕೊತ ನಿಂತಬಿಡ್ತಾನಲ್ಲ, ನನಗ ಅಳುನ ಬಂತು.”

ಈಗ ನಕ್ಕಾರು, ಈಗ ಕಿವಿ ಹಿಂಡ್ಯಾರು ಎಂದು ಅವಳು ಕಾದಳು. ಚನ್ನಯ್ಯನವರು ಕಿಟಕಿಯ ಹೊರಗಿನ ಜೋಳದ ಹೊಲಗಳನ್ನು ಬಹಳ ಹೊತ್ತು ನೋಡಿದರು.

“ಹೌದು,” ಎಂದರು. “ಅದಽ ಪಾಯಿಂಟು.”

ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದ ಮೇಲೆ ನಗುತ್ತ ನಿಜ ಹೇಳಿದರಾಯಿತು ಎಂದುಕೊಂಡಳು. ಇಳಿದರೆ, ಕೆಂಭಾವಿಯಿಂದ ಬಂದಿದ್ದ ಚನ್ನಯ್ಯನವರ ಅಕ್ಕ ಹಂಪಮ್ಮ ರೊಟ್ಟಿ ಬುತ್ತಿ ಹಿಡಿದು ನಿಂತಿದ್ದಳು. ಶಹಾಪುರದ ಬಸ್ಸು ಹೊರಡುವುದರೊಳಗೆ ಚನ್ನಯ್ಯನವರು ಅಕ್ಕನಿಗೆ ಚಪ್ಪಲಿಯ ಕಥೆ ಹೇಳಿ ಮುಗಿಸಿದ್ದರು. ಹಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮರುತಿಂಗಳು ಕಾಲೇಜಿನಲ್ಲಿ ಭಾಷಣ: ‘ಪಾದರಕ್ಷೆ ಮತ್ತು ವಿನಯ: ಇಟಲಿಯಿಂದ ಕಲ್ಯಾಣಕ್ಕೆ’. ಶರಣರು ಚಪ್ಪಲಿಯನ್ನು ತಲೆಯ ಮೇಲೆ ಹೊತ್ತ ಕಥೆ ಈ ಕಡೆಯ ಮಕ್ಕಳಿಗೂ ಬಾಯಿಪಾಠ. ಅದನ್ನು ಸಮುದ್ರದಾಚೆಯ ಒಬ್ಬ ನಿರ್ದೇಶಕ ತಾನಾಗಿ ಕಂಡುಕೊಂಡ ಎಂದರೆ ಯಾರಿಗೆ ಮೈ ಜುಮ್ಮೆನ್ನುವುದಿಲ್ಲ? ಆ ಹೊತ್ತಿಗೆ ಶಾಂಭವಿಯ ಸುಳ್ಳಿಗೆ ಹಲ್ಲು ಬಂದು, ಕಾಲು ಬಂದು, ಅದು ಊರು ತಿರುಗತೊಡಗಿತ್ತು. ಕಾಲೇಜಿನ ಹುಡುಗರು ಚನ್ನಯ್ಯನವರನ್ನು ಹಿಂದಿನಿಂದ ಚಪ್ಪಲಿ ಸರ್ ಎನ್ನುತ್ತಿದ್ದರು. ನಿವೃತ್ತಿಯ ದಿನವೂ ಅವರು ಮಾತಾಡಿದ್ದು ಅದನ್ನೇ.

ಹೀಗಿರುವಾಗ, ಒಂದು ಬೆಳಿಗ್ಗೆ ಬುದ್ಧಪ್ರಿಯ ಬಂದ. ಅವನು ಶಾಂಭವಿಯ ಹಳೆಯ ವಿದ್ಯಾರ್ಥಿ, ಈಗ ಚನ್ನಯ್ಯನವರ ಕಾಲೇಜಿನಲ್ಲೇ ಕನ್ನಡ ಮೇಷ್ಟ್ರು. ಊರಿನಲ್ಲಿ ಒಂದು ಚಿತ್ರ ಬಳಗ ಕಟ್ಟಿದ್ದ. ಜೇಬಿನಿಂದ ಪೆನ್ ಡ್ರೈವ್ ತೆಗೆದು ಟೀಪಾಯಿಯ ಮೇಲಿಟ್ಟ.

“ಸಿಕ್ತ್ರಿ ಸರ್, ನಿಮ್ಮ ಇಟಲಿ ಸಿನೆಮಾ. ಹಳೇ ಪ್ರತಿ ತೊಳದು ಸ್ವಚ್ಛ ಮಾಡ್ಯಾರಂತ. ಇಂಗ್ಲಿಷಿನ ಮಾತು ಬರದದ್ದು ಬ್ಯಾರೆ ಸಿಕ್ಕಿತ್ತು, ನಾನು ಪಂಚಶೀಲಾ ಕೂಡಿ ಕನ್ನಡ ಮಾಡೀವಿ. ನಮ್ಮ ಕಡಿ ಕನ್ನಡನ ಹಾಕೀವ್ರಿ. ಬರೂ ಐತವಾರ ಮಧ್ಯಾಹ್ನ ತೋರಸೂಣಂತ.”

ಪಂಚಶೀಲಾ ಅವನ ಹೆಂಡತಿ. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಶಾಂಭವಿ ಸೋಸುವುದನ್ನು ಅರ್ಧಕ್ಕೇ ಬಿಟ್ಟಳು.

“ನೀ ಪೂರಾ ನೋಡಿದೇನಪಾ?” ಎಂದು ಅಲ್ಲಿಂದಲೇ ಕೇಳಿದಳು.

“ಇಲ್ಲ್ರಿ ಟೀಚರ್. ಬರದದ್ದನ್ನ ಓದಿ ಕನ್ನಡ ಮಾಡೀವಿ ಅಷ್ಟ. ಕೊನೀಗೆ ಮಾತಽ ಇಲ್ಲ. ಚಪ್ಪಲಿ ದೃಶ್ಯ ಸರ್ ಜೋಡೀನ ನೋಡಬೇಕಂತ ಕಾದೀವಿ.” ಆಮೇಲೆ ಚನ್ನಯ್ಯನವರ ಕಡೆ ತಿರುಗಿ ಹೇಳಿದ. “ಸರ್, ಮಾತು ಮಾತ್ರ ನೀವು ಹೇಳಿದ್ದಕ್ಕಿಂತ ಸ್ವಲ್ಪ ಬ್ಯಾರೇನ ಅವ್ರಿ.”

“ಅಂಥಾ ಸಿನೆಮಾದಾಗ ಮಾತಿಗೆ ಅರ್ಥ ಇರಂಗಿಲ್ಲಪಾ,” ಎಂದರು ಚನ್ನಯ್ಯನವರು. “ಮೌನಕ್ಕ ಇರ್ತದ.”

ಆ ವಾರವೆಲ್ಲ ಶಾಂಭವಿಗೆ ಬಿಡುವಿರಲಿಲ್ಲ. ಮೊದಲು ಕೆಂಭಾವಿಗೆ ಫೋನು ಮಾಡಿದಳು.

“ಅಕ್ಕಾರ, ಬರೂ ಐತವಾರ ಏನರ ಒಂದು ಕಾರ್ಯ ಇಟ್ಕೊಳ್ರಿ. ನಾವಿಬ್ಬರೂ ಬರ್ತೀವಿ.”

“ಏನಂತ ಇಟ್ಕೊಳ್ಳೇ? ಕೂಸಿಲ್ಲ, ಕುಬಸಿಲ್ಲ,” ಎಂದಳು ಹಂಪಮ್ಮ. “ಅಲ್ಲದ ಐತವಾರ ನಾನಽ ಅಲ್ಲಿಗಿ ಬರಾಕತ್ತೀನಿ. ಚನ್ನಯ್ಯ ಫೋನ್ ಮಾಡಿದ್ದ. ಇಷ್ಟು ವರ್ಷ ಕೇಳೀನಿ, ಒಮ್ಮೆ ಕಣ್ಣಾರೆ ನೋಡಬೇಕು ಆ ಚಪ್ಪಲಿ.”

ಆಮೇಲೆ ಬುದ್ಧಪ್ರಿಯನನ್ನು ಮಾರ್ಕೆಟ್ಟಿನಲ್ಲಿ ಹಿಡಿದಳು. ಕೊನೆಯ ಐದು ನಿಮಿಷ ಕತ್ತರಿಸಲು ಬರುತ್ತದೇನು ಎಂದು ಕೇಳಿದಳು.

“ಯಾಕ್ರಿ ಟೀಚರ್?”

“ಸರ್‌ಗ ಬಿಪಿ ಅದ. ಆ ದೃಶ್ಯ ನೋಡಿದ್ರ ತಡಕೊಳ್ಳೂದಿಲ್ಲ ಅವರು.”

“ಹಂಗಿದ್ರ ಒಬ್ಬ ಡಾಕ್ಟರ್ನ ಕರಸಿ ಕೂಡಸ್ತೀನ್ರಿ,” ಎಂದ ಬುದ್ಧಪ್ರಿಯ, ಬಹಳ ಕಾಳಜಿಯಿಂದ. ಕರೆಂಟು ಹೋದರೆ ಏನು ಗತಿ ಎಂದಾಗ ಜನರೇಟರ್ ತರಿಸುತ್ತೇನೆ ಎಂದ. ತಾನು ಕಲಿಸಿದ ಹುಡುಗ ಇಷ್ಟು ಚೊಕ್ಕ ಕೆಲಸ ಮಾಡುತ್ತಾನೆಂದು ಶಾಂಭವಿಗೆ ಮೊದಲ ಸಲ ಬೇಸರವಾಯಿತು.

ಗಂಡನಿಗೇ ಹೇಳಿಬಿಡೋಣ ಎಂದು ಶನಿವಾರ ಊಟಕ್ಕೆ ಬಡಿಸುತ್ತ ಬಾಯಿ ತೆರೆದಳು. “ರೀ, ಆ ಕೊನೀ ದೃಶ್ಯದ್ದು ಒಂದು ಮಾತು…”

“ನಾನೂ ಅದನ್ನಽ ಹೇಳಾಂವ ಇದ್ದೆ,” ಎಂದರು ಚನ್ನಯ್ಯನವರು ಪುಂಡಿಪಲ್ಯ ಕಲಸುತ್ತ. “ಮುಖ್ಯ ಅತಿಥಿ ಯಾರು ಅಂತೀ? ಬಾಷುಮಿಯಾ.”

ಬಾಷುಮಿಯಾ ಬಜಾರದಲ್ಲಿ ಚಪ್ಪಲಿ ಅಂಗಡಿ ಇಟ್ಟವರು. ಚಪ್ಪಲಿಯನ್ನು ತಲೆಯ ಮೇಲೆ ಹೊತ್ತ ಚಿತ್ರಕ್ಕೆ ಅವರಿಗಿಂತ ತಕ್ಕ ಅತಿಥಿ ಜಿಲ್ಲೆಯಲ್ಲೇ ಇಲ್ಲ ಎಂಬುದು ಚನ್ನಯ್ಯನವರ ವಿಚಾರ. ಶಾಂಭವಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಐತವಾರ ಮಧ್ಯಾಹ್ನ. ಹತ್ತಿ ವ್ಯಾಪಾರಿಯೊಬ್ಬರ ಖಾಲಿ ಗೋದಾಮು. ಒಂದು ಗೋಡೆಗೆ ಸುಣ್ಣ ಹೊಡೆದು ಪರದೆ ಮಾಡಿದ್ದರು, ಕಿಟಕಿಗಳಿಗೆ ತಾಡಪಾಲು ಕಟ್ಟಿದ್ದರು. ಮದುವೆಮನೆಯ ಕುರ್ಚಿಗಳೆಲ್ಲ ತುಂಬಿ, ಹಿಂದೆ ಜನ ನಿಂತಿದ್ದರು. ಬಾಷುಮಿಯಾ ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿ, ಮಿರಮಿರ ಮಿಂಚುವ ಹೊಸ ಮೆಟ್ಟು ಮೆಟ್ಟಿ, ಚನ್ನಯ್ಯನವರಿಗೆ ಹಾಕಲು ದೊಡ್ಡದೊಂದು ಹೂವಿನ ಹಾರ ತಂದಿದ್ದರು. ಚನ್ನಯ್ಯನವರು ಮೈಕಿನಲ್ಲಿ ಎಚ್ಚರಿಸಿದರು.

“ಇದು ದುಃಖದ ಕಾವ್ಯ. ಒಂದು ದಾಂಪತ್ಯ ಒಣಗಿ ಹೋಗೂದನ್ನ ನೋಡ್ತೀರಿ. ದಯಮಾಡಿ ಮೊಬೈಲ್ ಬಂದ್ ಮಾಡ್ರಿ, ಮನಸು ತೆರದಿಡ್ರಿ.”

ದೀಪ ಆರಿತು. ಗಾಳಿ ಬೀಸತೊಡಗಿತು. ಗಂಡ ಸಿಗರೇಟು ಹಚ್ಚಿದ. ಎಲ್ಲ ಅಂದು ನೋಡಿದ ಹಾಗೆಯೇ ಇತ್ತು. ಹೆಂಡತಿ ಟಿಕೇಟಿನ ಕಿಂಡಿಯ ಬಳಿ ಹೋದಳು. ಅವಳು ಅಲ್ಲಿ ಗುಮಾಸ್ತನ ಮುಂದೆ ಗೋಗರೆಯುತ್ತಾಳೆ ಎಂದು ಶಾಂಭವಿ ಹೈದರಾಬಾದಿನಲ್ಲಿ ತಿಳಿದಿದ್ದಳು. ಈಗ ಗುಮಾಸ್ತ ಬಾಯಿ ತೆರೆದ. ಕೆಳಗೆ ದಪ್ಪ ಬಿಳಿ ಅಕ್ಷರಗಳು ಮೂಡಿದವು: ‘ಆಚೀ ದಂಡಿಗೆ ಈಗಽ ಒಂದು ಹಡಗ ಬಿಡ್ತದ ನೋಡ್ರೆವ್ವಾ. ಜಲ್ದಿ ಹೋದ್ರ ಸಿಗ್ತದ.’

ಹೆಂಡತಿ ಅವನಿಗೆ ತಲೆಬಾಗಿ, ನಿಧಾನವಾಗಿ ಗಂಡನ ಹತ್ತಿರ ಬಂದಳು. ಮುಖ ಸಣ್ಣದು ಮಾಡಿದಳು. ‘ಗಾಳಿ ಭಾಳ ಅದ ಅಂತ್ರಿ. ಇವತ್ತ ಹಡಗಿಲ್ಲ.’

ಶಾಂಭವಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

‘ಮನ್ಯಾಗ ಅವ್ವ ದಾರಿ ನೋಡ್ತಿರ್ತಾಳ,’ ಎಂದ ಗಂಡ.

‘ಪಾಪ,’ ಎಂದಳು ಹೆಂಡತಿ. ಕೂತು ಮೋಸಂಬಿ ಸುಲಿಯತೊಡಗಿದಳು.

ಗೋದಾಮಿನ ಮೊದಲ ನಗು ಹಂಪಮ್ಮನದು. ಜೀವಮಾನವಿಡೀ ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿದ ಹೆಂಗಸಿನ ನಗು ಅದು, ಹೊಟ್ಟೆಯಿಂದ ಎದ್ದು ಬಂತು. ಚನ್ನಯ್ಯನವರು ಮುಂದಿನ ಸಾಲಿನಿಂದ ತಿರುಗಿ ಬಾಯಿಯ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ನಗು ಹಿಂದಿನ ಸಾಲುಗಳಿಗೆ ಹತ್ತಿಕೊಂಡಿತ್ತು.

ಶಾಂಭವಿ ನೋಡುತ್ತ ಹೋದಳು. ಅಂದು ದುಃಖ ಎಂದುಕೊಂಡದ್ದೆಲ್ಲ ಒಂದೊಂದಾಗಿ ಮಗ್ಗುಲು ಬದಲಿಸುತ್ತಿತ್ತು. ಆ ಹೆಣ್ಣು ಗೋಡೆಗೆ ಮುಖ ಮಾಡಿ ನಿಂತಾಗ ಭುಜ ಕುಲುಕಿದ್ದು ಅಳುವಿಗಲ್ಲ, ನಗು ತಡೆಯಲಾರದೆ. ಮೋಸಂಬಿಯ ತೊಳೆಗಳನ್ನು ಅವಳು ಒಬ್ಬಳೇ, ಯಾರಿಗೂ ಮೊದಲು ಕೊಡದೆ, ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ಆ ಸುಖ ಇಪ್ಪತ್ತೆರಡರ ಹುಡುಗಿಗೆ ಹೇಗೆ ತಿಳಿಯಬೇಕು? ಆಗ ಶಾಂಭವಿ ಯಾರಿಗೂ ಬಡಿಸಿ ದಣಿದಿರಲಿಲ್ಲ. ಮರುದಿನ ಗುಮಾಸ್ತ ಮತ್ತೆ ಹಡಗಿದೆ ಎನ್ನುತ್ತಾನೆ, ಮತ್ತೆ ಅವಳು ಇಲ್ಲವೆನ್ನುತ್ತಾಳೆ. ಎಂಥ ಸಲೀಸು ಸುಳ್ಳು, ಎಂಥ ಮುಗ್ಧ ಮುಖ. ಗೆಳತಿಯೊಬ್ಬಳು ಇಷ್ಟು ವರ್ಷ ಬೇರೆ ದೇಶದಲ್ಲಿ ಕೂತು ತಾನು ಮಾಡಿದ ಕೆಲಸವನ್ನೇ ಮಾಡುತ್ತಿದ್ದಳಲ್ಲ ಎಂದು ಶಾಂಭವಿಗೆ ಅನಿಸಿತು.

ಅಷ್ಟರಲ್ಲಿ ಗಂಡ ಸಿಗರೇಟು ಕೊಳ್ಳಲು ಹೋಗಿ ಅದೇ ಗುಮಾಸ್ತನನ್ನು ಭೇಟಿಯಾದ. ‘ನಿಮ್ಮ ಮನಿಯವರಿಗೆ ದಿನಾ ಹೇಳಾಕತ್ತೀನಲ್ರಿ, ಹಡಗ ಅದ ಅಂತ,’ ಎಂದ ಗುಮಾಸ್ತ. ಗೋದಾಮು ಉಸಿರು ಬಿಗಿಹಿಡಿಯಿತು. ಗಂಡ ದಂಡೆಯ ಮೇಲೆ ಬಹಳ ಹೊತ್ತು ನಡೆದಾಡಿದ. ಹೆಂಡತಿಯ ಹತ್ತಿರ ಬಂದು ಕೂತ. ‘ವಿಚಾರಿಸಿದೆ,’ ಎಂದ. ‘ನಾಳೀನೂ ಹಡಗ ಇಲ್ಲಂತ.’

ಹೆಂಡತಿ ಅವನ ಮುಖವನ್ನೇ ನೋಡಿದಳು. ಆಮೇಲೆ ಒಂದು ತೊಳೆ ಮೋಸಂಬಿ ಅವನ ಕೈಗಿಟ್ಟಳು.

ಆಗ ಎದ್ದ ಚಪ್ಪಾಳೆ, ಸೀಟಿ. ಶಾಂಭವಿ ಗಂಡನ ಕಡೆ ಕತ್ತು ನೀಡಿದಳು. ಅವರು ನಿದ್ದೆ ಮಾಡುತ್ತಿರಲಿಲ್ಲ. ಬಾಯಿ ತುಸು ತೆರೆದುಕೊಂಡು, ಗೋಡೆಯ ಅಕ್ಷರಗಳನ್ನು ಒಂದನೇ ಇಯತ್ತೆಯ ಹುಡುಗನ ಹಾಗೆ ತುಟಿಯಾಡಿಸಿ ಓದುತ್ತಿದ್ದರು.

ಕೊನೆಯ ದೃಶ್ಯ ಬಂತು. ಮಾತಿಲ್ಲ. ಹಡಗು ದಂಡೆಗೆ ಹತ್ತಿತು. ಚಪ್ಪಲಿಗಾಗಿ ಇಡೀ ಗೋದಾಮು ಮುಂದಕ್ಕೆ ಬಾಗಿತು. ಬಾಷುಮಿಯಾ ಚಷ್ಮಾ ಒರೆಸಿ ಹಾಕಿಕೊಂಡರು. ಹೆಂಡತಿ ಹಲಗೆ ಹತ್ತಿದಳು. ಕ್ಯಾಮೆರಾ ಅವಳ ಪಾದಗಳನ್ನೇ ತೋರಿಸಿತು, ಬೇಕೆಂದೇ ತೋರಿಸಿದ ಹಾಗೆ. ಎರಡೂ ಕಾಲಲ್ಲಿ ಚಪ್ಪಲಿ ಭದ್ರವಾಗಿದ್ದವು. ಹಿಂದೆ ಗಂಡ ಹತ್ತಿದ. ಇಬ್ಬರೂ ಬೇರೆಬೇರೆ ದಿಕ್ಕಿಗೆ ನೋಡುತ್ತ, ಒಬ್ಬರಿಗೊಬ್ಬರು ಕಾಣದ ಹಾಗೆ ನಕ್ಕರು. ಗಾಳಿ. ಮುಗಿಯಿತು.

ದೀಪ ಹತ್ತಿತು. ಯಾರೂ ಏಳಲಿಲ್ಲ. ಬಾಷುಮಿಯಾ ಹಾರ ಹಿಡಿದುಕೊಂಡೇ ವಿನಯದಿಂದ ಕೇಳಿದರು.

“ಸಾಬ್, ಚಪ್ಪಲಿ ಯಾವಾಗ ಬರ್ತಾವ್ರಿ?”

ಬುದ್ಧಪ್ರಿಯ ಕಂಪ್ಯೂಟರಿನ ಮುಂದಿನಿಂದ ಧಡಬಡಿಸಿ ಎದ್ದ. “ಇದು ಬ್ಯಾರೆ ಪ್ರತಿ ಇರಬೇಕ್ರಿ ಸರ್. ಹೊರಗ ಕಳಸುವಾಗ ಕೊನೀದು ಕತ್ತರಿಸಿರಬಹುದು. ಹಂಗ ಮಾಡ್ತಾರ.”

ತಪ್ಪಿಸಿಕೊಳ್ಳಲು ಒಳ್ಳೆಯ ದಾರಿಯೇ ಅದು. ಚನ್ನಯ್ಯನವರು ಮೈಕು ಹಿಡಿದು ಆ ದಾರಿಯ ಬಾಯಿಗೇ ಬಂದು ನಿಂತರು. ಕತ್ತರಿಸಿದ್ದಾರೆ ಎನ್ನಲು ತುಟಿ ತೆರೆದರು ಕೂಡ. ಆಗ ಅವರ ಕಣ್ಣು ಮೂರನೇ ಸಾಲಿಗೆ ಹೋಯಿತು. ಶಾಂಭವಿ ಗೋದಾಮಿನ ಮಾಡಿನ ತಗಡುಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದಳು. ಮುಖ ಎಷ್ಟು ಮುಗ್ಧವಾಗಿತ್ತೆಂದರೆ, ಅಂಥದೇ ಮುಖವನ್ನು ಅವರು ಈಗಷ್ಟೇ ಎದುರಿನ ಗೋಡೆಯ ಮೇಲೆ ನೋಡಿದ್ದರು.

ಚನ್ನಯ್ಯನವರ ಮುಖ ಕೆಂಪಾಯಿತು. ಆಮೇಲೆ ಬಿಳಿಚಿತು. ಎಷ್ಟು ಭಾಷಣ, ಎಷ್ಟು ಊರು ಎಂದು ಒಳಗೇ ಲೆಕ್ಕ ಹಾಕುತ್ತಿದ್ದಾರೆಂದು ಶಾಂಭವಿಗೆ ಅನಿಸಿತು. ಆಟ ಮುಗಿದಿತ್ತು. ಅವಳು ಮಾಡು ಬಿಟ್ಟು ಅವರನ್ನು ನೋಡಿದಳು.

“ಕತ್ತರಿಸಿಲ್ಲಪಾ ಬುದ್ಧಪ್ರಿಯ,” ಎಂದರು ಚನ್ನಯ್ಯನವರು ಕೊನೆಗೆ. “ಪ್ರತಿ ಇದಽ. ಆವತ್ತ ನಾ ನಿದ್ದಿ ಹೋಗಿದ್ದೆ.”

ಜನ ಪಿಸುಗುಟ್ಟಿದರು. ಅವರು ಕೈಯೆತ್ತಿದರು.

“ಚಪ್ಪಲಿ ಸಿನೆಮಾ ಬ್ಯಾರೇನ ಅದ. ಅದನ್ನ ತಗದವರು ಇಟಲಿಯವರಲ್ಲ, ನಮ್ಮವರು. ತಾಂಡೂರಿನ ಈಚೆಗೆ, ರೈಲಿನ್ಯಾಗ, ಒಂದು ಪೈಸಾ ಖರ್ಚಿಲ್ಲದ ತಗದಾರ. ಇಷ್ಟು ವರ್ಷ ನಾ ಅವರ ಸಿನೆಮಾಕ್ಕ ಪುಕ್ಕಟ ಪ್ರಚಾರ ಮಾಡ್ಕೊತ ತಿರಗೀನಿ. ಅವರು ಅಲ್ಲಿ ಮೂರನೇ ಸಾಲಿನ್ಯಾಗ ಕೂತಾರ. ಹಳದಿ ಸೀರಿ.”

ನಗು ಒಮ್ಮೆಗೇ ಬರಲಿಲ್ಲ. ಅರ್ಥವಾದವರು ಅರ್ಥವಾಗದವರಿಗೆ ಹೇಳಿ, ಸಾಲಿನಿಂದ ಸಾಲಿಗೆ ಹರಡಿ, ಕೊನೆಗೆ ತಗಡಿನ ಮಾಡು ಗಲಗಲ ಅಂದಿತು. ಬಾಷುಮಿಯಾ ಕೈಯಲ್ಲಿದ್ದ ಹಾರ ನೋಡಿದರು, ಚನ್ನಯ್ಯನವರನ್ನು ನೋಡಿದರು, ಸೀದಾ ಮೂರನೇ ಸಾಲಿಗೆ ನಡೆದು ಅದನ್ನು ಶಾಂಭವಿಯ ಕೈಗೆ ಕೊಟ್ಟರು. “ಇದರ ಹಕ್ಕು ತಮ್ಮದು, ಬಾಯಾರ,” ಎಂದರು. “ನನ್ನ ಅಂಗಡೀಗೆ ಇಷ್ಟು ಇಜ್ಜತ್ ಯಾರೂ ತಂದಿರಲಿಲ್ಲ.”

ಹಂಪಮ್ಮ ಮಾತ್ರ ಒಪ್ಪಲಿಲ್ಲ. “ಹಡಗಿಂದು ಛಲೋ ಅದ, ನಕ್ಕೆ,” ಎಂದಳು ಕೈ ತಿರುವುತ್ತ. “ಆದ್ರ ಆ ಚಪ್ಪಲಿಗೆ ನಾ ಯಾದಗಿರಿ ಸ್ಟೇಷನ್‌ದಾಗ ಅತ್ತಿದ್ದೆ. ಸುಳ್ಳಿಗಿ ಅತ್ತ ಕಣ್ಣೀರು ಯಾರ ಹೆಸರಿಗಿ ಬರೀಲಿ?”

“ಅದೂ ಖರೇನ ಅಕ್ಕಾ,” ಎಂದರು ಚನ್ನಯ್ಯನವರು ಮೈಕಿನಲ್ಲೇ. “ನಾನೂ ಒಂದೊಂದು ಸಲ ಅತ್ತೀನಿ.”

ಬುದ್ಧಪ್ರಿಯ ಅಲ್ಲೇ ಘೋಷಿಸಿದ: ಬರುವ ತಿಂಗಳ ಬಳಗದಲ್ಲಿ ಶಾಂಭವಿ ಟೀಚರ್ ಚಪ್ಪಲಿ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ಬಾಯಲ್ಲೇ ತೋರಿಸುತ್ತಾರೆ. ಅವಳು ಬೇಡವೆನ್ನುವುದರೊಳಗೆ ಜನ ಚಪ್ಪಾಳೆ ಹೊಡೆದು ಪಾಸು ಮಾಡಿಬಿಟ್ಟರು.

ಹಂಪಮ್ಮನನ್ನು ಕೆಂಭಾವಿಯ ಬಸ್ಸಿಗೆ ಹತ್ತಿಸಿ ಇಬ್ಬರೂ ಮನೆಯ ಕಡೆ ನಡೆದರು. ಬಿಸಿಲು ಇಳಿದಿತ್ತು. ಚನ್ನಯ್ಯನವರು ಎರಡು ಹೆಜ್ಜೆ ಮುಂದಿದ್ದರು. ಶಾಂಭವಿ ಹಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ಬಂದಳು.

“ಸಿಟ್ಟ ಬಂತೇನ್ರಿ?”

“ಸಿಟ್ಟಿಲ್ಲ. ಬ್ಯಾರೆ ವಿಚಾರ ಮಾಡಾಕತ್ತೀನಿ.” ಇನ್ನಷ್ಟು ದೂರ ನಡೆದು ಅವರು ನಿಂತರು. “ಯಾದಗಿರಿ ದವಾಖಾನ್ಯಾಗ ನನಗ ಹರ್ನಿಯಾ ಆಪರೇಷನ್ ಆದಾಗ, ಮದ್ದಿನ ಅಮಲಿನ್ಯಾಗ ನಾ ಸಾಲಿಟ್ಟು ವಚನ ಹೇಳಿದೆ, ಡಾಕ್ಟರು ಕೈ ಮುಗದು ನಿಂತಿದ್ರು ಅಂತ ಹೇಳಿದ್ದಿ. ಅದು ಖರೆ ಏನ?”

“ನಿಮಗ ಏನನಸ್ತದ?”

“ಖರೆ ಅನಸ್ತದಪಾ. ಅಂಥಾ ಹೊತ್ತಿನ್ಯಾಗ ಒಳಗಿದ್ದದ್ದಽ ಹೊರಗ ಬರ್ತದ.”

“ಹಂಗಂದ್ರ ಖರೇನ,” ಎಂದಳು ಶಾಂಭವಿ.

ಚನ್ನಯ್ಯನವರು ಅವಳ ಮುಖವನ್ನು ಸಂಶಯದಿಂದ ನೋಡಿದರು. ಏನೂ ಸಿಗದೆ, ಸಮಾಧಾನ ಮಾಡಿಕೊಂಡು ಮುಂದೆ ನಡೆದರು. ಅಂದು ಅಮಲಿನಲ್ಲಿ ಅವರು ಡಾಕ್ಟರ ಕೋಟು ಹಿಡಿದೆಳೆದು ಕೇಳಿದ್ದು ಒಂದು ಪ್ಲೇಟು ಮಿರ್ಚಿ ಭಜಿ, ಅದೂ ಜಲ್ದಿ. ಹೇಳಿದರಾಯಿತು, ಅವಸರವೇನು ಎಂದುಕೊಂಡು ಶಾಂಭವಿ ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿದಳು.